ಹದಿನೈದು ಪ್ರಶಸ್ತಿಯ ಮನೆಯಲ್ಲಿ ಉಳಿದವರು ಇಬ್ಬರು

ಟೂಸಾನ್‌ನಲ್ಲಿರುವ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಓದಿ ಅಲ್ಲೇ ನೆಲೆ ನಿಂತಿರುವ ನನ್ನ ಚಿಕ್ಕಪ್ಪನ ಮಗನಿಗೆ ಮಾರ್ಚ್ ಬಂತೆಂದರೆ ಊಟ ನಿದ್ದೆ ಎರಡೂ ಕಡಿಮೆ. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಟೂರ್ನಿ ಅವನಿಗೆ ನಮ್ಮ ಐಪಿಎಲ್‌ಗಿಂತ ಒಂದು ಕೈ ಹೆಚ್ಚು. 2024ರ ಆಗಸ್ಟ್‌ನಲ್ಲಿ ಫೋನ್ ಮಾಡಿದವನು, "ಅಣ್ಣಾ, ನಾವಿನ್ನು ಪ್ಯಾಕ್-12 ಅಲ್ಲ, ಬಿಗ್ 12" ಅಂದ.

"ಹಾಗಾದ್ರೆ 1997ರ ಟ್ರೋಫಿ?"

"ಅದು ನಮ್ದೇ."

"ನಿಮ್ದು ಸರಿ ಕಣೋ. ಯಾವ ಕಾನ್ಫರೆನ್ಸ್ ಲೆಕ್ಕಕ್ಕೆ ಅಂತ ಕೇಳಿದ್ದು."

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ತಮಾಷೆಗೆ ಕೇಳಿದ ಪ್ರಶ್ನೆ. ಆಮೇಲೆ ನನ್ನ ತಲೆಯಿಂದಲೇ ಅದು ಇಳಿಯಲಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಎನ್‌ಸಿಎಎ ಎಂಬ ಸಂಸ್ಥೆ 1939ರಿಂದ ನಡೆಸುತ್ತಿರುವ ಟೂರ್ನಿ ಇದು. ಸೋತವರು ಮನೆಗೆ, ಎರಡನೇ ಅವಕಾಶವಿಲ್ಲ. ಮೊದಲ ವರ್ಷ ಎಂಟೇ ತಂಡ. ಇಲಿನಾಯ್ಸ್‌ನ ಇವಾನ್‌ಸ್ಟನ್‌ನಲ್ಲಿ ನಡೆದ ಫೈನಲ್‌ನಲ್ಲಿ ಆರೆಗನ್ ತಂಡ ಒಹಾಯೊ ಸ್ಟೇಟನ್ನು 46-33ರಿಂದ ಸೋಲಿಸಿತು. 1985ರಲ್ಲಿ ತಂಡಗಳ ಸಂಖ್ಯೆ 64 ಆಯಿತು, 2011ರಿಂದ 68. ಈ ತಂಡಗಳೆಲ್ಲ ವರ್ಷವಿಡೀ ಆಡುವುದು ತಂತಮ್ಮ ಕಾನ್ಫರೆನ್ಸ್‌ಗಳಲ್ಲಿ. ಕಾನ್ಫರೆನ್ಸ್ ಅಂದರೆ ಕಾಲೇಜುಗಳು ತಾವೇ ಸೇರಿ ಕಟ್ಟಿಕೊಂಡ ಲೀಗ್. ಪ್ರತಿ ಕಾನ್ಫರೆನ್ಸಿನ ಟೂರ್ನಿ ಗೆದ್ದವರಿಗೆ ನೇರ ಪ್ರವೇಶ. ಮಿಕ್ಕ ಸ್ಥಾನಗಳನ್ನು ಆಯ್ಕೆ ಸಮಿತಿ ಹಂಚುತ್ತದೆ. 2025ರಲ್ಲಿ ಹೀಗೆ ನೇರವಾಗಿ ಬಂದವರು 31, ಸಮಿತಿ ಆರಿಸಿದವರು 37.

ಆದ್ದರಿಂದ ಇಲ್ಲಿ ದಾಖಲೆಗಳೂ ಎರಡು ಬಗೆ. ತಂಡದ್ದು ಒಂದು, ಕಾನ್ಫರೆನ್ಸಿನದು ಒಂದು. ತಂಡದ ದಾಖಲೆ ಹೆಚ್ಚುಕಡಿಮೆ ಕಲ್ಲಿನ ಮೇಲಿನ ಬರಹ. ಲಾಸ್ ಏಂಜಲಿಸ್‌ನ ಯುಸಿಎಲ್‌ಎ 11 ಬಾರಿ ಗೆದ್ದಿದೆ, ಕೆಂಟಕಿ 8 ಬಾರಿ. ಕನೆಕ್ಟಿಕಟ್ ಹಾಗೂ ನಾರ್ತ್ ಕ್ಯಾರೊಲೈನಾ 2025ರವರೆಗೆ ತಲಾ 6. ಇದರಲ್ಲಿ ತಕರಾರಿಲ್ಲ. ಕಾನ್ಫರೆನ್ಸಿನ ದಾಖಲೆ ಮಾತ್ರ ಹಂಚಿಕೆಯಾದ ಮನೆಯ ಪಹಣಿ ಇದ್ದ ಹಾಗೆ. ಯಾರು ಓದುತ್ತಾರೆ ಎನ್ನುವುದರ ಮೇಲೆ ಜಮೀನು ಯಾರದೆಂದು ನಿಂತಿದೆ.

ಪ್ಯಾಕ್-12ನ್ನೇ ನೋಡಿ. 'ಚಾಂಪಿಯನ್ನರ ಕಾನ್ಫರೆನ್ಸ್' ಎಂಬುದು ಅದರ ಬಿರುದು. ಯುಸಿಎಲ್‌ಎಯ ಹಳೆಯ ದೈತ್ಯ ಆಟಗಾರ, ಮುಂದೆ ವೀಕ್ಷಕ ವಿವರಣೆಗಾರನಾದ ಬಿಲ್ ವಾಲ್ಟನ್ ಈ ಮಾತನ್ನು ಪ್ರತಿ ಪಂದ್ಯದಲ್ಲೂ ಮಂತ್ರದಂತೆ ಜಪಿಸುತ್ತಿದ್ದರು. ಪುರುಷರ ಬಾಸ್ಕೆಟ್‌ಬಾಲ್‌ನಲ್ಲಿ ಅದರ ಖಾತೆಯಲ್ಲಿರುವುದು 15 ಪ್ರಶಸ್ತಿ: ಆರೆಗನ್ 1939, ಸ್ಟ್ಯಾನ್‌ಫರ್ಡ್ 1942, ಕ್ಯಾಲಿಫೋರ್ನಿಯಾ 1959, ಅರಿಜೋನಾ 1997, ಉಳಿದ ಹನ್ನೊಂದೂ ಯುಸಿಎಲ್‌ಎ. 2024ರ ಬೇಸಿಗೆಯಲ್ಲಿ ಟಿವಿ ಹಣದ ಬೆನ್ನು ಹತ್ತಿ ಹತ್ತು ತಂಡಗಳು ಮನೆ ಬಿಟ್ಟವು. ಯುಸಿಎಲ್‌ಎ, ಯುಎಸ್‌ಸಿ, ಆರೆಗನ್, ವಾಷಿಂಗ್ಟನ್ ಬಿಗ್ ಟೆನ್‌ಗೆ ಹೋದವು. ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ, ಕೊಲರಾಡೊ ಬಿಗ್ 12ಕ್ಕೆ. ಪೆಸಿಫಿಕ್ ಕಡಲಂಚಿನ ಸ್ಟ್ಯಾನ್‌ಫರ್ಡ್, ಕ್ಯಾಲಿಫೋರ್ನಿಯಾ ಎರಡೂ ಸೇರಿಕೊಂಡದ್ದು ಎಸಿಸಿ ಅನ್ನು. ಅದರಲ್ಲಿ 'ಎ' ಅಂದರೆ ಅಟ್ಲಾಂಟಿಕ್! ಹಿಂದೆ ಉಳಿದವರು ಆರೆಗನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್. ಈ ಇಬ್ಬರೂ ಒಂದೇ ಒಂದು ಸಲವೂ ಗೆದ್ದವರಲ್ಲ. ಹದಿನೈದಕ್ಕೆ ಹದಿನೈದೂ ಹೊರಗೆ ಹೋದವರ ಗಳಿಕೆ.

ಅದಿರಲಿ, ಆ ಹದಿನೈದನ್ನು ಕೂಡಿಸಿದ ಬಗೆಯನ್ನೂ ಒಮ್ಮೆ ಕೆದಕಿ ನೋಡಬೇಕು. 1959ರವರೆಗೆ ಅಲ್ಲಿದ್ದದ್ದು ಪೆಸಿಫಿಕ್ ಕೋಸ್ಟ್ ಕಾನ್ಫರೆನ್ಸ್. ಆಟಗಾರರಿಗೆ ಕದ್ದುಮುಚ್ಚಿ ಹಣ ಕೊಟ್ಟ ಹಗರಣದಲ್ಲಿ ಅದು ಒಡೆದು ಮುಚ್ಚಿತು. ಐದು ಕಾಲೇಜುಗಳು ಸೇರಿ ಹೊಸದಾಗಿ ಕಟ್ಟಿದ ಕೂಟವೇ ಮುಂದೆ ಪ್ಯಾಕ್-8, ಪ್ಯಾಕ್-10, ಕೊನೆಗೆ 2011ರಲ್ಲಿ ಪ್ಯಾಕ್-12 ಆದದ್ದು. ಹಳೆಯದರ ಚರಿತ್ರೆಯೂ ತನ್ನದೇ ಎಂದು ಹೊಸದು ಹೇಳಿಕೊಂಡಿತು, ಜನ ಒಪ್ಪಿಕೊಂಡರು. ಕಟ್ಟುನಿಟ್ಟಾಗಿ ಹೋದರೆ 1939, 1942, 1959ರ ಮೂರು ಪ್ರಶಸ್ತಿ ಬೇರೆ ಸಂಸ್ಥೆಯ ಹೆಸರಿನವು. ಇನ್ನೂ ಕಟ್ಟುನಿಟ್ಟಾಗಿ 'ಪ್ಯಾಕ್-12' ಎಂಬ ಹೆಸರಿದ್ದ ಅವಧಿಯನ್ನಷ್ಟೇ ಹಿಡಿದರೆ ಸಿಗುವುದು ಸೊನ್ನೆ. ಆ ಹದಿಮೂರು ವರ್ಷದಲ್ಲಿ ಕೊನೆಯ ನಾಲ್ವರ ಘಟ್ಟಕ್ಕೆ, ಅಂದರೆ ಫೈನಲ್ ಫೋರ್‌ಗೆ, ಹೋದದ್ದೇ ಎರಡು ಸಲ: 2017ರಲ್ಲಿ ಆರೆಗನ್, 2021ರಲ್ಲಿ ಯುಸಿಎಲ್‌ಎ.

ನಮಗೇನೂ ಇದು ಹೊಸ ಜಗಳವಲ್ಲ. ಹೋಲ್ಕರ್ ತಂಡ ನಾಲ್ಕು ಸಲ ರಣಜಿ ಗೆದ್ದು ನಕ್ಷೆಯಿಂದಲೇ ಅಳಿಸಿಹೋಯಿತು. 2022ರಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಧ್ಯಪ್ರದೇಶ ಮುಂಬೈಯನ್ನು ಮಣಿಸಿದಾಗ ಅದು ಚೊಚ್ಚಲ ಪ್ರಶಸ್ತಿಯಾಯಿತು. ಮೈಸೂರು ತಂಡ 1941-42ರಲ್ಲಿ, 1959-60ರಲ್ಲಿ ಫೈನಲ್ ಸೋತದ್ದನ್ನು ಮಾತ್ರ ನಾವು ಯಾವ ತಗಾದೆಯೂ ಇಲ್ಲದೆ ಕರ್ನಾಟಕದ ಲೆಕ್ಕಕ್ಕೇ ಬರೆದುಕೊಂಡಿದ್ದೇವೆ. ಸೋಲಿಗೆ ವಾರಸುದಾರರು ಸಿಕ್ಕಿದ್ದು ಅಪರೂಪ, ಬಿಡಿ.

ವಾಡಿಕೆಯಲ್ಲಿರುವ ನಿಯಮ ಇಷ್ಟು: ಗೆದ್ದ ವರ್ಷ ತಂಡ ಯಾವ ಕಾನ್ಫರೆನ್ಸಿನಲ್ಲಿತ್ತೋ ಪ್ರಶಸ್ತಿ ಆ ಲೆಕ್ಕಕ್ಕೆ. ಈ ನಿಯಮದ ಪ್ರಕಾರ 2025ರವರೆಗೆ ಎಸಿಸಿಗೆ 15, ಆಗ್ನೇಯ ರಾಜ್ಯಗಳ ಕಾನ್ಫರೆನ್ಸಾದ ಎಸ್‌ಇಸಿಗೆ 12, ಬಿಗ್ ಟೆನ್‌ಗೆ 10. ಆದರೆ ಪ್ರಚಾರದ ಕರಪತ್ರ ಅಚ್ಚು ಹಾಕುವವರಿಗೆ ಇನ್ನೊಂದು ಎಣಿಕೆ ರುಚಿಸುತ್ತದೆ: ಇವತ್ತು ಮನೆಯಲ್ಲಿರುವ ಎಲ್ಲರ ಗಳಿಕೆಯೂ ಮನೆಯದೇ. ಆಗ ಯುಸಿಎಲ್‌ಎಯ 11, ಆರೆಗನ್‌ನ 1, 2014ರಲ್ಲಿ ಎಸಿಸಿಯಿಂದ ಬಂದ ಮೇರಿಲ್ಯಾಂಡ್‌ನ 2002ರ ಪ್ರಶಸ್ತಿ ಸೇರಿ ಬಿಗ್ ಟೆನ್ ರಾತ್ರೋರಾತ್ರಿ 10ರಿಂದ 23ಕ್ಕೆ ಜಿಗಿಯುತ್ತದೆ. ಎಸಿಸಿ ಮೇರಿಲ್ಯಾಂಡನ್ನು ಕಳೆದುಕೊಂಡೂ 19ಕ್ಕೆ ಏರುತ್ತದೆ, ಬಿಗ್ 12 ಮೂರರಿಂದ 11ಕ್ಕೆ. ಯಾರೂ ಒಂದು ಬುಟ್ಟಿ ಚೆಂಡು ಹಾಕಿಲ್ಲ, ಲೆಕ್ಕ ಮಾತ್ರ ಬೆಳೆಯಿತು. ಮೇರಿಲ್ಯಾಂಡ್ ಗೆದ್ದಾಗ ಬಿಗ್ ಟೆನ್‌ಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅಷ್ಟೇ ಅಲ್ಲ, 2000ದಲ್ಲಿ ಮಿಚಿಗನ್ ಸ್ಟೇಟ್ ಗೆದ್ದ ಮೇಲೆ 2025ರವರೆಗೆ ಬಿಗ್ ಟೆನ್‌ಗೆ ಒಂದೂ ಪ್ರಶಸ್ತಿ ಬಂದಿಲ್ಲ ಎಂಬ ಮುಜುಗರವನ್ನು ಈ ಎಣಿಕೆ ಚೆನ್ನಾಗಿ ಮುಚ್ಚಿಹಾಕುತ್ತದೆ.

ಈ ಕಾನ್ಫರೆನ್ಸ್ ಲೆಕ್ಕ ಎಷ್ಟು ಜಾರು ನೆಲ ಎಂದು ತೋರಿಸುವುದಕ್ಕೆ ಕನೆಕ್ಟಿಕಟ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. 1999, 2004, 2011ರ ಪ್ರಶಸ್ತಿ ಹಳೆಯ ಬಿಗ್ ಈಸ್ಟ್‌ನಲ್ಲಿದ್ದಾಗ ಬಂದವು. 2013ರಲ್ಲಿ ಆ ಕಾನ್ಫರೆನ್ಸ್ ಸೀಳಿತು. ಜಾರ್ಜ್‌ಟೌನ್, ವಿಲನೋವಾ, ಸೇಂಟ್ ಜಾನ್ಸ್‌ನಂಥ ಏಳು ಕ್ಯಾಥೊಲಿಕ್ ಕಾಲೇಜುಗಳು 'ಬಿಗ್ ಈಸ್ಟ್' ಎಂಬ ಹೆಸರನ್ನು ಎತ್ತಿಕೊಂಡು ಹೊರಟವು. ಫುಟ್‌ಬಾಲ್ ಆಡುವ ಕನೆಕ್ಟಿಕಟ್ ಮತ್ತಿತರರು 'ಅಮೆರಿಕನ್' ಎಂಬ ಹೊಸ ಬೋರ್ಡು ಹಾಕಿಕೊಂಡರು. 2014ರಲ್ಲಿ ಕನೆಕ್ಟಿಕಟ್ ಮತ್ತೆ ಗೆದ್ದಿತು, ಅದು ಅಮೆರಿಕನ್ ಖಾತೆಗೆ. 2020ರಲ್ಲಿ ತವರಿಗೆ ವಾಪಸು. 2023, 2024 ಬಿಗ್ ಈಸ್ಟ್‌ಗೆ. ಒಂದೇ ಕಾಲೇಜು, ಎರಡು ಖಾತೆ, ನಡುವೆ ಹೆಸರು ಒಂದೇ ಆದರೂ ಒಳಗಿನ ಮಂದಿ ಬೇರೆಯಾದ ಬಿಗ್ ಈಸ್ಟ್.

ಪ್ರಶಸ್ತಿ ಬಿಟ್ಟು ಪ್ರವೇಶದ ದಾಖಲೆಗೆ ಬರೋಣ, ಏಕೆಂದರೆ ಈಗ ಗದ್ದಲ ಜೋರಾಗಿರುವುದು ಅಲ್ಲೇ. 2025ರಲ್ಲಿ ಎಸ್‌ಇಸಿಯ 16 ತಂಡಗಳಲ್ಲಿ 14 ಟೂರ್ನಿಗೆ ಬಂದವು. ಹೊರಗುಳಿದವರು ಎಲ್‌ಎಸ್‌ಯು, ಸೌತ್ ಕ್ಯಾರೊಲೈನಾ ಇಬ್ಬರೇ. ಹಿಂದಿನ ದಾಖಲೆ 2011ರ ಬಿಗ್ ಈಸ್ಟ್‌ನ 11. ಅಲ್ಲಿಯೂ ತಂಡಗಳು ಹದಿನಾರೇ. ಕಾನ್ಫರೆನ್ಸಿನೊಳಗೆ 18 ಪಂದ್ಯ ಆಡಿ 12 ಸೋತ ಟೆಕ್ಸಸ್, ಒಕ್ಲಹೋಮಾ ಕೂಡ ಒಳಗೆ ಬಂದವು ಅಂದಾಗ ಸಣ್ಣ ಕಾಲೇಜುಗಳ ಅಭಿಮಾನಿಗಳ ಹೊಟ್ಟೆ ಉರಿದದ್ದು ಸಹಜ.

ಹನ್ನೆರಡು ಸೋತವರಿಗೆ ಪ್ರವೇಶ ಹೇಗೆ? ಉತ್ತರ ಇರುವುದು ನವೆಂಬರ್, ಡಿಸೆಂಬರ್‌ನಲ್ಲಿ. ಆಯ್ಕೆ ಸಮಿತಿ ನೋಡುವುದು ನೆಟ್ ಎಂಬ ರ್‍ಯಾಂಕಿಂಗ್. ಎದುರಾಳಿಯ ರ್‍ಯಾಂಕಿಗೆ ತಕ್ಕಂತೆ ಪಂದ್ಯಗಳನ್ನು ನಾಲ್ಕು ದರ್ಜೆಗೆ ಹಾಕುತ್ತಾರೆ. ತವರಿನಲ್ಲಿ ಮೊದಲ 30ರ ಒಳಗಿನವರ ವಿರುದ್ಧ, ತಟಸ್ಥ ಅಂಗಳದಲ್ಲಿ 50ರ ಒಳಗಿನವರ ವಿರುದ್ಧ, ಎದುರಾಳಿಯ ಊರಿನಲ್ಲಿ 75ರ ಒಳಗಿನವರ ವಿರುದ್ಧ ಆಡಿದರೆ ಅದು ಮೊದಲ ದರ್ಜೆಯ ಪಂದ್ಯ. ಕಾನ್ಫರೆನ್ಸಿನ ಒಳಗಿನ ಪಂದ್ಯ ಶುರುವಾಗುವ ಮುಂಚೆ ಎಸ್‌ಇಸಿ ತಂಡಗಳು ಹೊರಗಿನವರನ್ನು ಬಡಿದು ಹಾಕಿದ್ದವು. ಎಸಿಸಿ ಜತೆಗಿನ ಡಿಸೆಂಬರ್ ಸವಾಲಿನಲ್ಲೇ 14-2. ಆಗ ಎಲ್ಲರ ರ್‍ಯಾಂಕೂ ಒಟ್ಟಿಗೆ ಮೇಲೇರಿ ಕೂತಿತು. ಜನವರಿಯಿಂದ ಅವರವರೇ ಹೊಡೆದಾಡಿಕೊಳ್ಳುವಾಗ ಗೆದ್ದರೆ ಅದು ಮೊದಲ ದರ್ಜೆಯ ಗೆಲುವು, ಸೋತರೆ ಮರ್ಯಾದಸ್ಥ ಸೋಲು. ಜಾಣ ಚೀಟಿ ವ್ಯವಹಾರದ ಹಾಗೆ, ಹಣ ಒಳಗೊಳಗೇ ಸುತ್ತುತ್ತದೆ, ಯಾರಿಗೂ ನಷ್ಟವಿಲ್ಲ. ನನ್ನ ಮಟ್ಟಿಗೆ ಇದರಲ್ಲಿ ಮೋಸವೇನೂ ಇಲ್ಲ. ಡಿಸೆಂಬರ್‌ನಲ್ಲಿ ಗೆದ್ದದ್ದು ಅಂಗಳದಲ್ಲೇ. ಆದರೆ ಸಣ್ಣ ಕಾನ್ಫರೆನ್ಸಿನ ಒಳ್ಳೆಯ ತಂಡಕ್ಕೆ ಜನವರಿಯ ನಂತರ ಹೆಸರು ಮಾಡುವ ಅವಕಾಶವೇ ಸಿಗುವುದಿಲ್ಲ ಎಂಬ ದೂರಿನಲ್ಲಿ ಹುರುಳಿದೆ.

ಪ್ರವೇಶದ ದಾಖಲೆ ಬೇರೆ, ಆಡಿ ತೋರಿಸುವುದು ಬೇರೆ. 2011ರ ಬಿಗ್ ಈಸ್ಟ್ ಅದಕ್ಕೆ ಸಾಕ್ಷಿ. ಹನ್ನೊಂದು ತಂಡ ಬಂದವು, ಕೊನೆಯ ಹದಿನಾರರ ಹೊತ್ತಿಗೆ ಉಳಿದದ್ದು ಎರಡು: ಮಾರ್ಕೆಟ್ ಮತ್ತು ಕನೆಕ್ಟಿಕಟ್. ಕನೆಕ್ಟಿಕಟ್‌ನದೂ ವಿಚಿತ್ರ ಕತೆ. ಕಾನ್ಫರೆನ್ಸಿನಲ್ಲಿ ಅದರ ಸಾಧನೆ 9 ಗೆಲುವು, 9 ಸೋಲು, ಸ್ಥಾನ ಒಂಬತ್ತನೆಯದು. ಆಮೇಲೆ ಕೆಂಬಾ ವಾಕರ್ ಎಂಬ ಆರಡಿಯ ಗಾರ್ಡ್‌ನನ್ನು ನಂಬಿಕೊಂಡು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಐದು ದಿನಕ್ಕೆ ಐದು ಪಂದ್ಯ ಗೆದ್ದು ಕಾನ್ಫರೆನ್ಸ್ ಟೂರ್ನಿ, ಅದರ ಬೆನ್ನಿಗೆ ಆರು ಗೆದ್ದು ರಾಷ್ಟ್ರೀಯ ಪ್ರಶಸ್ತಿ. ಬಟ್ಲರ್ ವಿರುದ್ಧದ ಫೈನಲ್ ಅಂಕ 53-41. ನೂರು ಸಲ ಎಸೆದರೆ ಹತ್ತೊಂಬತ್ತು ಸಲವೂ ಬುಟ್ಟಿಗೆ ಬೀಳದಂಥ ರಾತ್ರಿ ಬಟ್ಲರ್‌ಗೆ. ನೋಡಿದವರಿಗೆ ಕಣ್ಣುನೋವು. ಈಗ ಹೇಳಿ: ಆ ವರ್ಷದ ಬಿಗ್ ಈಸ್ಟ್ ಬಲಿಷ್ಠವೋ, ಪೊಳ್ಳೋ? ಒಂಬತ್ತು ತಂಡ ಎರಡು ಸುತ್ತಿನೊಳಗೆ ಮನೆಗೆ, ಒಂಬತ್ತನೇ ಸ್ಥಾನದ ತಂಡಕ್ಕೆ ಟ್ರೋಫಿ. ಎರಡೂ ವಾದಕ್ಕೆ ಒಂದೇ ಕಡತದಲ್ಲಿ ಪುರಾವೆ ಇದೆ.

2025ರ ಎಸ್‌ಇಸಿ ಹಾಗೆ ಮುಖ ಕೆಡಿಸಿಕೊಳ್ಳಲಿಲ್ಲ. ಕೊನೆಯ ಹದಿನಾರರಲ್ಲಿ ಏಳು ತಂಡ ಅದರದೇ. 2016ರಲ್ಲಿ ಎಸಿಸಿ ಮಾಡಿದ್ದ ಆರರ ದಾಖಲೆ ಮುರಿಯಿತು. ಫ್ಲಾರಿಡಾ ಹ್ಯೂಸ್ಟನ್ನನ್ನು 65-63ರಿಂದ ಸೋಲಿಸಿ ಟ್ರೋಫಿಯನ್ನೂ ಎತ್ತಿತು. ಬೆಂಗಳೂರಿನಲ್ಲಿ ಮಂಗಳವಾರ ಬೆಳಗಿನ ಕಾಫಿ ಹೊತ್ತಿಗೆ ಆ ಪಂದ್ಯ ನಡೆಯುತ್ತಿತ್ತು. ನಾನು ಆಫೀಸಿಗೆ ತಡವಾಗಿ ಹೋದೆ. ನನ್ನನ್ನು ತಟ್ಟಿದ್ದು ಇನ್ನೊಂದು ಸಂಗತಿ. ಆ ಹದಿನಾರೂ ತಂಡಗಳು ಬರೀ ನಾಲ್ಕು ಕಾನ್ಫರೆನ್ಸಿನವು: ಎಸ್‌ಇಸಿ 7, ಬಿಗ್ ಟೆನ್ 4, ಬಿಗ್ 12 ನಾಲ್ಕು, ಎಸಿಸಿಯ ಡ್ಯೂಕ್ ಒಂದು. ಕಾನ್ಫರೆನ್ಸುಗಳೇ 16-18 ತಂಡದಷ್ಟು ಉಬ್ಬಿದಾಗ 'ಅತಿ ಹೆಚ್ಚು ತಂಡ' ಎಂಬ ದಾಖಲೆ ಮುರಿಯುವುದು ಎಷ್ಟರಮಟ್ಟಿಗೆ ಸಾಧನೆ? ಹತ್ತು ಮಕ್ಕಳ ಮನೆಯಲ್ಲಿ ಏಳು ಜನ ಪಾಸಾದದ್ದನ್ನು ಇಬ್ಬರು ಮಕ್ಕಳ ಮನೆಯ ಜತೆ ತೂಗಿದಂತಾಗುತ್ತದೆ.

ಹಳೆಯ ಕಾಲದಲ್ಲಿ ತೊಡಕು ತಿರುವುಮುರುವಾಗಿತ್ತು. 1974ರವರೆಗೆ ಒಂದು ಕಾನ್ಫರೆನ್ಸಿನಿಂದ ಒಂದೇ ತಂಡಕ್ಕೆ ಪ್ರವೇಶ. 1971ರಲ್ಲಿ ಯುಎಸ್‌ಸಿ 24 ಪಂದ್ಯ ಗೆದ್ದು ಎರಡು ಸೋತಿತು, ಎರಡೂ ಯುಸಿಎಲ್‌ಎಗೇ. ಪ್ಯಾಕ್-8ರ ಒಂದೇ ಒಂದು ಸೀಟು ಯುಸಿಎಲ್‌ಎಗೆ ಹೋದ್ದರಿಂದ ಅದು ಮನೆಯಲ್ಲೇ ಕೂತಿತು. 1974ರ ಮಾರ್ಚ್‌ನಲ್ಲಿ ಗ್ರೀನ್ಸ್‌ಬೊರೊದಲ್ಲಿ ನಡೆದ ಎಸಿಸಿ ಫೈನಲ್‌ನಲ್ಲಿ ನಾರ್ತ್ ಕ್ಯಾರೊಲೈನಾ ಸ್ಟೇಟ್ ಹೆಚ್ಚುವರಿ ಅವಧಿಯಲ್ಲಿ ಮೇರಿಲ್ಯಾಂಡನ್ನು 103-100ರಿಂದ ಮಣಿಸಿತು. ಸೋತ ಮೇರಿಲ್ಯಾಂಡ್ ದೇಶದ ನಾಲ್ಕನೇ ರ್‍ಯಾಂಕಿನ ತಂಡ. ಆದರೂ ಮನೆಗೆ. ಎರಡು ವಾರದ ನಂತರ ಅದೇ ಅಂಗಳದಲ್ಲಿ ಅದೇ ನಾರ್ತ್ ಕ್ಯಾರೊಲೈನಾ ಸ್ಟೇಟ್, ಎರಡು ಹೆಚ್ಚುವರಿ ಅವಧಿ ಆಡಿ, ಯುಸಿಎಲ್‌ಎಯನ್ನು 80-77ರಿಂದ ಕೆಡವಿ ಟೂರ್ನಿಯಲ್ಲಿ ಅದರ 38 ಪಂದ್ಯಗಳ ಗೆಲುವಿನ ಸರಣಿಗೆ ತೆರೆ ಎಳೆಯಿತು. ಮರುವರ್ಷವೇ ನಿಯಮ ಬದಲಾಯಿತು: 32 ತಂಡ, ಒಂದು ಕಾನ್ಫರೆನ್ಸಿನಿಂದ ಎರಡು.

ಆ 38ರ ಲೆಕ್ಕ ಬಿಡಿಸಿ ನೋಡುವುದು ನನಗಿಷ್ಟ. ಕೋಚ್ ಜಾನ್ ವುಡನ್‌ರ ತಂಡ 1964ರಲ್ಲಿ ಪ್ರಶಸ್ತಿಗೆ ಆಡಿದ್ದು ನಾಲ್ಕು ಪಂದ್ಯ, 1965ರಲ್ಲಿ ನಾಲ್ಕು. 1966ರಲ್ಲಿ ಟೂರ್ನಿಗೇ ಬರಲಿಲ್ಲ. 1967ರಿಂದ 1973ರವರೆಗೆ ಏಳು ವರ್ಷ ಏಳು ಪ್ರಶಸ್ತಿ, 28 ಪಂದ್ಯ. 1974ರಲ್ಲಿ ಎರಡು. ಕೂಡಿ ನೋಡಿ, 38. ಇವತ್ತು ಪ್ರಶಸ್ತಿಗೆ ಆರು ಪಂದ್ಯ ಗೆಲ್ಲಬೇಕು. ಆಗ ನಾಲ್ಕು ಸಾಕಿತ್ತು, ಪ್ರಾಂತ್ಯವಾರು ವಿಂಗಡಣೆಯಿಂದ ಪೂರ್ವದ ಬಲಿಷ್ಠರು ಸೆಮಿಫೈನಲ್‌ಗೆ ಮುಂಚೆ ಎದುರಾಗುತ್ತಿರಲಿಲ್ಲ, ಯುಎಸ್‌ಸಿಯಂಥ ನೆರೆಮನೆಯ ಹುಲಿಗೆ ಬೋನಿನಿಂದ ಹೊರಬರಲು ಬಿಡುತ್ತಿರಲಿಲ್ಲ. ಹಾಗೆಂದು ಏಳು ವರ್ಷ ಸತತವಾಗಿ ಗೆದ್ದದ್ದನ್ನು ಹಗುರ ಮಾಡುವವನು ನಾನಲ್ಲ. ಒಂದು ಕೆಟ್ಟ ರಾತ್ರಿ ಬಂದರೆ ಕತೆ ಮುಗಿಯುವ ಟೂರ್ನಿ ಅದು. 2023, 2024ರಲ್ಲಿ ಕನೆಕ್ಟಿಕಟ್ ಹನ್ನೆರಡಕ್ಕೆ ಹನ್ನೆರಡು ಪಂದ್ಯವನ್ನೂ ಎರಡಂಕಿ ಅಂತರದಿಂದ ಗೆದ್ದದ್ದನ್ನು ನೋಡಿದ ಮೇಲೂ ಯಾರು ಹೆಚ್ಚು ಎಂದು ಕೇಳಿದರೆ ನಾನು ಯುಸಿಎಲ್‌ಎ ಅನ್ನುತ್ತೇನೆ, ಸ್ವಲ್ಪ ತಡವರಿಸಿ.

ಕಲ್ಲಿನ ಬರಹ ಅಂದೆ. ಅದನ್ನೂ ಉಳಿ ಹಿಡಿದು ಅಳಿಸುವುದುಂಟು. 2013ರಲ್ಲಿ ಲೂಯಿವಿಲ್ ತಂಡ ಮಿಚಿಗನ್ ವಿರುದ್ಧ 82-76ರಿಂದ ಗೆದ್ದ ಪ್ರಶಸ್ತಿಯನ್ನು ನಿಯಮ ಉಲ್ಲಂಘನೆಗಾಗಿ 2018ರಲ್ಲಿ ಕಿತ್ತುಕೊಂಡರು. ಪ್ರಶಸ್ತಿಯನ್ನು ಮಿಚಿಗನ್‌ಗೆ ಕೊಡಲಿಲ್ಲ, ಅದರ ಸೋಲೂ ಹಾಗೇ ಉಳಿಯಿತು. ಆ ವರ್ಷ ಸೋತವರಿದ್ದಾರೆ, ಗೆದ್ದವರಿಲ್ಲ.

ಇಷ್ಟೆಲ್ಲ ಎಣಿಕೆಯ ಹಿಂದೆ ಬರೀ ಹೆಮ್ಮೆ ಇದ್ದಿದ್ದರೆ ಸುಮ್ಮನಿರಬಹುದಿತ್ತು. ದುಡ್ಡಿದೆ. ಟೂರ್ನಿಯಲ್ಲಿ ತಂಡ ಆಡುವ ಪ್ರತಿ ಪಂದ್ಯಕ್ಕೂ, 2025ರವರೆಗೆ ಫೈನಲ್ ಒಂದನ್ನು ಬಿಟ್ಟು, ಒಂದು 'ಯೂನಿಟ್'. ಒಂದು ಯೂನಿಟ್ಟಿಗೆ ಆರು ವರ್ಷ ಕಂತಿನಲ್ಲಿ ಒಟ್ಟು ಸುಮಾರು 20 ಲಕ್ಷ ಡಾಲರ್ ಬರುತ್ತದೆ. ಚೆಕ್ಕು ಹೋಗುವುದು ಮಾತ್ರ ಕಾನ್ಫರೆನ್ಸಿಗೆ, ಅಲ್ಲಿಂದ ಹಂಚಿಕೆ. 2018ರಲ್ಲಿ ಶಿಕಾಗೊದ ಲೊಯೋಲಾ, 98 ವರ್ಷದ ಸಿಸ್ಟರ್ ಜೀನ್ ಅವರ ಪ್ರಾರ್ಥನೆಯೊಂದಿಗೆ, ಯಾರೂ ಎಣಿಸದಂತೆ ಫೈನಲ್ ಫೋರ್‌ಗೆ ಹೋಯಿತಲ್ಲ. ಆಡಿದ ಐದು ಪಂದ್ಯಕ್ಕೆ ಐದು ಯೂನಿಟ್. ಮಿಸೌರಿ ವ್ಯಾಲಿ ಕಾನ್ಫರೆನ್ಸಿನಲ್ಲಿದ್ದ ಲೊಯೋಲಾ 2022ರಲ್ಲಿ ಅಟ್ಲಾಂಟಿಕ್ 10ಕ್ಕೆ ಹೊರಟಿತು. ಯೂನಿಟ್‌ಗಳು ಹಿಂದೆಯೇ ಉಳಿದವು. 2024ರವರೆಗೆ ಲೊಯೋಲಾ ಬೆವರಿನ ಕಂತು ಹಳೆ ಮನೆಗೇ. ಪ್ಯಾಕ್-12 ಒಡೆದಾಗ ಆರೆಗನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಕೋರ್ಟಿಗೆ ಹೋಗಿ ಕಾನ್ಫರೆನ್ಸಿನ ಆಡಳಿತ ನಮ್ಮ ಕೈಗೇ ಇರಬೇಕೆಂದು ಹಟ ಹಿಡಿದು ಗೆದ್ದದ್ದು ಬರೀ ಹಳೆಯ ನೆನಪಿನ ಮೋಹದಿಂದಲ್ಲ. ಖಾಲಿ ಮನೆಯಾದರೂ ತಿಜೋರಿ ಅಲ್ಲೇ ಇತ್ತು.

ಮಹಿಳೆಯರ ಟೂರ್ನಿಗೆ ಈ ಯೂನಿಟ್ ಹಣ ಬಂದದ್ದು 2025ರಲ್ಲಷ್ಟೇ. ಅಲ್ಲಿ ದಾಖಲೆ ಪುಸ್ತಕವೇ 1982ಕ್ಕೆ ತೆರೆಯುತ್ತದೆ. ಅದಕ್ಕೂ ಹಿಂದೆ ಹತ್ತು ವರ್ಷ ಎಐಎಡಬ್ಲ್ಯೂ ಎಂಬ ಬೇರೆ ಸಂಸ್ಥೆ ಟೂರ್ನಿ ನಡೆಸುತ್ತಿತ್ತು. ಇಮ್ಯಾಕ್ಯುಲೇಟಾ ಎಂಬ ಪುಟ್ಟ ಕಾಲೇಜು 1972ರಿಂದ ಸತತ ಮೂರು ಸಲ ಗೆದ್ದಿತ್ತು. ಎನ್‌ಸಿಎಎ ಪ್ರಶಸ್ತಿಗಳ ಸಾಲಿನಲ್ಲಿ ಆ ಮೂರು ಇಲ್ಲ. ಪೆಸಿಫಿಕ್ ಕಾನ್ಫರೆನ್ಸಿಗೆ ಸಿಕ್ಕ ಉದಾರ ಲೆಕ್ಕ ಈ ಹೆಣ್ಣುಮಕ್ಕಳಿಗೆ ಸಿಗಲಿಲ್ಲ. ಕನೆಕ್ಟಿಕಟ್ ಮಹಿಳೆಯರು 2025ರಲ್ಲಿ 12ನೇ ಪ್ರಶಸ್ತಿ ಗೆದ್ದರು. ಹನ್ನೆರಡೂ ಒಬ್ಬರೇ ಕೋಚ್ ಜೀನೊ ಆರಿಯೆಮಾ ಅವರ ಕೈಕೆಳಗೆ. ಅಮೆರಿಕನ್ ಕಾನ್ಫರೆನ್ಸಿನಲ್ಲಿದ್ದ ಏಳು ವರ್ಷ ಅವರು ಆ ಕಾನ್ಫರೆನ್ಸಿನ ಯಾವ ತಂಡಕ್ಕೂ ಒಂದು ಪಂದ್ಯ ಸೋಲಲಿಲ್ಲ, ಮೂರು ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟು ಹೊರಟುಹೋದರು.

ಪ್ಯಾಕ್-12ಕ್ಕೆ ಮತ್ತೆ ಸುಣ್ಣ ಬಣ್ಣ ಆಗುತ್ತಿದೆ. 2026ರ ಜುಲೈನಿಂದ ಸೇರಲು ಒಪ್ಪಿದ ಹೊಸಬರು ಬೋಯ್ಸಿ ಸ್ಟೇಟ್, ಕೊಲರಾಡೊ ಸ್ಟೇಟ್, ಫ್ರೆಸ್ನೊ ಸ್ಟೇಟ್, ಸ್ಯಾನ್ ಡಿಯಾಗೊ ಸ್ಟೇಟ್, ಯೂಟಾ ಸ್ಟೇಟ್, ಟೆಕ್ಸಸ್ ಸ್ಟೇಟ್, ಜತೆಗೆ 1999ರಿಂದ ಪ್ರತಿ ಟೂರ್ನಿಗೂ ತಪ್ಪದೆ ಹಾಜರಿ ಹಾಕಿರುವ ಗಾನ್ಜಾಗಾ. ಹಳಬರಿಬ್ಬರನ್ನೂ ಸೇರಿಸಿ ಒಂಬತ್ತು. ಚಾಂಪಿಯನ್ನರ ಕಾನ್ಫರೆನ್ಸ್ ಎಂಬ ಬೋರ್ಡು ಹಾಗೇ ಇಟ್ಟುಕೊಂಡರೂ ಈ ಒಂಬತ್ತರಲ್ಲಿ ಗೆದ್ದವರಿಲ್ಲ. ಫೈನಲ್ ಆಡಿದ್ದು ನಾಲ್ಕು ಸಲ: ಗಾನ್ಜಾಗಾ 2017 ಮತ್ತು 2021, ಸ್ಯಾನ್ ಡಿಯಾಗೊ ಸ್ಟೇಟ್ 2023, ಮತ್ತೆ ವಾಷಿಂಗ್ಟನ್ ಸ್ಟೇಟ್ 1941, ಆ ಸಲ ವಿಸ್ಕಾನ್ಸಿನ್ ಎದುರು 39-34. ಟೂಸಾನಿನ ತಮ್ಮನಿಗೆ ಇದನ್ನು ಹೇಳಿದೆ. "1941ದು ಮಾತ್ರ ಅವರದೇ, ಅದನ್ನ ಯಾರೂ ಕೇಳಲ್ಲ ಬಿಡಣ್ಣ" ಅಂದ.